ಒಳಗೆ ಹೋದವನು ಹೊರಗೆ ಬಂದಿಲ್ಲ

ಒಳಗೆ ಹೋಗುವುದಕ್ಕೆ ಕಾರ್ಡು ಬೇಕು, ಹೊರಗೆ ಬರುವುದಕ್ಕೆ ಮುಖ ಸಾಕು. ಬೆಂಗಳೂರಿನ ಮೆಟ್ರೋ ರೈಲಿನ ಬಗ್ಗೆ ಮುದ್ದನಗುಟ್ಟೆಯ ಆಂಜನಪ್ಪ ಕಂಡುಹಿಡಿದ ಸಿದ್ಧಾಂತ ಇದು.

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ದಾರಿಯಲ್ಲಿ, ಕೈ ಮಾಡಿದರೆ ಬಸ್ಸು ನಿಲ್ಲುವ, ಮಾಡದಿದ್ದರೆ ನಿಲ್ಲದ ಊರು ಮುದ್ದನಗುಟ್ಟೆ. ಅಲ್ಲಿ ಪ್ರತಿಯೊಂದು ವಿಷಯಕ್ಕೂ ಒಬ್ಬ ಬಲ್ಲವನಿದ್ದಾನೆ. ಹಸುವಿನ ಕೆಚ್ಚಲು ಬಾತರೆ ಒಬ್ಬ, ಕೋರ್ಟು ಕಚೇರಿಗೆ ಒಬ್ಬ, ಸಾವು ಸೂತಕ ಶಕುನಗಳಿಗೆ ಬಚ್ಚಪ್ಪ. ಬೆಂಗಳೂರಿನ ಸ್ಥಾನ ಮಾತ್ರ ಬಹಳ ಕಾಲ ಖಾಲಿ ಬಿದ್ದಿತ್ತು. ಜನವರಿಯ ಮೊದಲ ಭಾನುವಾರ ಅದು ಆಂಜನಪ್ಪನ ಪಾಲಾಯಿತು.

ನ್ಯಾಯವಾಗಿ ನೋಡಿದರೆ ಆ ಸ್ಥಾನ ಅವನ ಅಣ್ಣ ಶ್ರೀರಾಮಪ್ಪನಿಗೆ ಸೇರಬೇಕಿತ್ತು. ಶ್ರೀರಾಮಪ್ಪ ಒಂಬತ್ತು ವರ್ಷದಿಂದ ಬೆಳಗಿನ ಜಾವ ಬಂಗಾರಪೇಟೆಯಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ಮೆಟ್ರೋದಲ್ಲಿ ನಾಲ್ಕು ಸ್ಟೇಷನ್ ಹೋಗಿ, ಒಂದು ಅಪಾರ್ಟ್‌ಮೆಂಟಿನ ಗೇಟು ಕಾದು ಸಂಜೆಗೆ ವಾಪಸು ಬರುತ್ತಿದ್ದ. ಆದರೆ ಅವನು ಬಾಯಿ ಬಿಟ್ಟರೆ ಬರುತ್ತಿದ್ದುದು ಒಂದೇ ಮಾತು: "ಊಟ ಆಯ್ತಾ?" ಬೆಳಿಗ್ಗೆ ಸಿಕ್ಕರೂ ಅದೇ, ಸಂಜೆ ಸಿಕ್ಕರೂ ಅದೇ. ದಿನಾ ಹೋಗಿ ಬಂದು ಊಟ ಆಯ್ತಾ ಅನ್ನುವವನಿಗಿಂತ, ಒಂದೇ ಸಲ ಹೋಗಿ ಬಂದು ಒಂದು ತಿಂಗಳು ಹೇಳುವವನೇ ಬಲ್ಲವನು ಎಂದು ಊರು ತೀರ್ಮಾನಿಸಿತು. ಊರಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ.

ಆಂಜನಪ್ಪ ಹೋದದ್ದು ಅವರೆಕಾಯಿ ಕೊಡುವುದಕ್ಕೆ. ಹೆಂಡತಿ ಸರಸ್ವತಮ್ಮನ ಅಕ್ಕ ಬೆಂಗಳೂರಿನಲ್ಲಿದ್ದಾಳೆ. ವರ್ಷಕ್ಕೊಮ್ಮೆ ಸೊಗಡಿನ ಅವರೆಕಾಯಿ ಕಾಣದಿದ್ದರೆ ಅವಳಿಗೆ ತವರಿನ ನಂಟು ಕಡಿದುಹೋದ ಹಾಗೆ. ಭಾನುವಾರ ಶ್ರೀರಾಮಪ್ಪನಿಗೆ ರಜೆ. ತಮ್ಮ ಮೂಟೆ ಹೊತ್ತು ಹೊರಟದ್ದು ಕಂಡು ಅವನೇ ಜೇಬಿನಿಂದ ಕಾರ್ಡು ತೆಗೆದು ಕೊಟ್ಟ. ಹೇಗೆ ಬಳಸಬೇಕು ಎಂದು ಹೇಳುವುದಕ್ಕೆ ಬಾಯಿ ತೆರೆದ. "ಗೊತ್ತು ಬಿಡಣ್ಣಯ್ಯ" ಎಂದು ಆಂಜನಪ್ಪ ಬಸ್ಸು ಹತ್ತಿದ.

ವಾಪಸು ಬರುವಾಗ ಕಾಸು ಕೊಟ್ಟು ಸಿಟಿ ಬಸ್ಸು ಹಿಡಿದ, ಸಂಜೆಗೆ ಕಾರ್ಡು ಅಣ್ಣನಿಗೆ ಹಿಂದಿರುಗಿಸಿದ. ಮಾರನೆಯ ಸಂಜೆಯಿಂದ ಹಾಲಿನ ಡೈರಿಯ ಮುಂದೆ ಉಪನ್ಯಾಸ ಶುರುವಾಯಿತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಎಲ್ಲಿಗೂ ಓಡಿಹೋಗುವ ಹಾಗಿರಲಿಲ್ಲ.

"ಈ ಕಾರ್ಡು ಐತಲ್ಲ, ಇದು ಒಂದೇ. ಮೆಟ್ರೋಗೂ ಇದೇ, ಸಿಟಿ ಬಸ್ಸಿಗೂ ಇದೇ, ನಾಳೆ ಡೆಲ್ಲಿಗೋದ್ರೂ ಇದೇ. ದುಡ್ಡು ಮೊದ್ಲೇ ತುಂಬಿಸಿಟ್ಟಿರ್ತಾರೆ. ನಮ್ಮ ರೇಷನ್ ಕಾರ್ಡಿದ್ದಂಗೆ ಕಣ್ಲಾ, ಮನೇಗೊಂದು. ಅಣ್ಣಯ್ಯ ಓದ್ರೂ ಆಯ್ತು, ನಾನೋದ್ರೂ ಆಯ್ತು."

"ಒಳಕ್ಕೆ ಎಂಗೆ ಬಿಡ್ತಾರೆ?" ಎಂದು ಪಕ್ಕದ ಹೊಲದ ಸುಧಾಕರ ಕೇಳಿದ.

"ಅಲ್ಲೊಂದು ಕಂಬ. ಅದರ ನೆತ್ತಿ ಮೇಲೆ ಕಾರ್ಡು ಮುಟ್ಟಿಸಿದ್ರೆ ಬಾಗಿಲು ತೆರ್ಕಂತದೆ."

"ಬರೋವಾಗ?"

ಆಂಜನಪ್ಪ ಇಲ್ಲಿ ಕೈಯ ಕ್ಯಾನನ್ನು ಕೆಳಗಿಡುತ್ತಿದ್ದ. ಹಾಲು ಅಳೆಯುವವನೂ ಕೈ ನಿಲ್ಲಿಸುತ್ತಿದ್ದ.

"ಬರೋವಾಗ ಏನೂ ಬೇಡ. ನಾನು ಮೂಟೆ ಒತ್ಕಂಡು ಬಂದೆ. ಸೆಕ್ಯೂರಿಟಿಯವನು ನನ್ನ ಮುಖ ನೋಡಿದ. ಪಕ್ಕದಾಗೆ ಒಂದು ದೊಡ್ಡ ಗೇಟೈತೆ, ಅದನ್ನ ಪೂರಾ ತಗದ. ಕೈ ಇಂಗೆ ಮಾಡಿ, ಬನ್ನಿ ಬನ್ನಿ ಅಂದ. ಉಳಿದೋರೆಲ್ಲ ಕಂಬದ ತಾವ ಕಾರ್ಡು ಇಡ್ಕಂಡು ಸಾಲಾಗೆ ನಿಂತವ್ರೆ. ನಾನು ದೊಡ್ಡ ಗೇಟಾಗೆ ಬಂದೆ."

ಕಥೆ ಹೇಳುವವರು ಸತ್ಯ ಹೇಳಬೇಕಾಗುತ್ತದೆ. ಆ ದೊಡ್ಡ ಗೇಟು ತೆರೆದದ್ದು ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಅಜ್ಜಿಗೆ. ಬನ್ನಿ ಬನ್ನಿ ಅಂದದ್ದೂ ಆಕೆಗೇ. ಆಂಜನಪ್ಪ ಮೂಟೆಸಮೇತ ಹಿಂದೆ ನುಗ್ಗಿದ್ದ, ಕುರ್ಚಿ ತಳ್ಳುವವನೇ ಇರಬೇಕೆಂದು ಸೆಕ್ಯೂರಿಟಿಯವನು ಬಿಟ್ಟಿದ್ದ. ಮೊದಲ ದಿನದ ಉಪನ್ಯಾಸದಲ್ಲಿ ಗಾಲಿಕುರ್ಚಿ ಒಂದು ಮೂಲೆಯಲ್ಲಿತ್ತು. ಎರಡನೆಯ ದಿನ ಅದು ಮಾಯವಾಯಿತು.

ಆ ಎರಡನೆಯ ದಿನವೇ ಶ್ರೀರಾಮಪ್ಪ ಬಸ್ಸಿಳಿದು, ಟಿಫಿನ್ ಚೀಲ ಹಿಡಿದು, ಗುಂಪಿನ ಅಂಚಿನಲ್ಲಿ ಬಂದು ನಿಂತ. ತಮ್ಮನ ಮಾತನ್ನು ಕೊನೆಯವರೆಗೂ ಕೇಳಿದ. ಎಲ್ಲರೂ ತಲೆದೂಗುವುದನ್ನು ನೋಡಿದ. ಕೈ ಒಂದು ಸಲ ಅಂಗಿಯ ಜೇಬಿಗೆ ಹೋಗಿ ಹಾಗೇ ಹಿಂದಕ್ಕೆ ಬಂತು.

"ಊಟ ಆಯ್ತೇನ್ಲಾ?" ಎಂದ.

"ಇನ್ನೂ ಏಳು ಗಂಟೆ ಕಣಣ್ಣಯ್ಯ."

"ಸರಿ" ಎಂದು ಹೊರಟುಹೋದ. ಅವನ ಹಿಂದೆ ನಾಲ್ಕು ಜನ ನಕ್ಕರು. ಅವರಲ್ಲಿ ಆಂಜನಪ್ಪನೂ ಒಬ್ಬ.

ಆ ವಾರದಿಂದ ಶ್ರೀರಾಮಪ್ಪನಿಗೆ ನಡೆಯುವ ಹುಚ್ಚು ಹತ್ತಿತು. ಡಾಕ್ಟರು ಹೇಳಿದ್ದಾರೆ, ಈ ವಯಸ್ಸಿಗೆ ನಡೆದರೆ ಒಳ್ಳೆಯದಂತೆ ಎಂದು ಹೆಂಡತಿ ಗಂಗರತ್ನಮ್ಮನಿಗೆ ಹೇಳಿದ. ಯಾವ ಡಾಕ್ಟರು ಎಂದು ಆಕೆ ಕೇಳಲಿಲ್ಲ. ಒಂದು ಜೊತೆ ಚಪ್ಪಲಿ ಸವೆಯಿತು, ಬಂಗಾರಪೇಟೆ ಸಂತೆಯಲ್ಲಿ ಇನ್ನೊಂದು ಕೊಂಡ, ಅದೂ ಸವೆಯಿತು. ಶಿವರಾತ್ರಿಗೆ ಇನ್ನು ಎಂಟು ದಿನವಿದೆ ಎನ್ನುವಾಗ ಅಪಾರ್ಟ್‌ಮೆಂಟಿನಿಂದ ಫೋನು ಬಂತು: "ನಿಮ್ಮೋರು ಮೆಟ್ರೋ ಹತ್ರ ಬಿದ್ದೋದ್ರು." ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಎದೆ ಬಹಳ ದಿನದಿಂದ ಸುಸ್ತಾಗಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ತಂದು ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು.

ಮೂರನೆಯ ದಿನ ಹಾಲು ತುಪ್ಪ ಬಿಡುವ ಶಾಸ್ತ್ರ. ಸಮಾಧಿಯ ಮೇಲೆ ಎಲೆ ಹಾಸಿ ಎಡೆ ಇಟ್ಟು, ಊರೆಲ್ಲ ಇಪ್ಪತ್ತು ಹೆಜ್ಜೆ ಹಿಂದೆ ಸರಿದು ಕಾಗೆಗಾಗಿ ಕಾದಿತು. ಕಾಗೆ ಬಂತು. ಹೊಂಗೆ ಮರದ ಮೇಲೆ ಕೂತಿತು. ಕೆಳಗೆ ಇಳಿಯಲಿಲ್ಲ.

ಬಚ್ಚಪ್ಪ ಗಂಟಲು ಸರಿ ಮಾಡಿಕೊಂಡ. "ಏನೋ ಆಸೆ ಉಳ್ಕಂಡದೆ. ಒಬ್ಬೊಬ್ರಾಗಿ ಮಾತು ಕೊಡ್ರಪ್ಪ."

"ಅಣ್ಣಯ್ಯ, ಅತ್ತಿಗೇನ ನಾನು ನೋಡ್ಕಂತೀನಿ" ಎಂದ ಆಂಜನಪ್ಪ. ಕಾಗೆ ಕೊಕ್ಕು ತಿಕ್ಕಿಕೊಂಡಿತು.

"ನಿನ್ನ ಸೀಮೆ ಹಸು ಮಾರಕ್ಕೆ ಬಿಡಲ್ಲ ಕಣಪ್ಪ" ಎಂದಿತು ಇನ್ನೊಂದು ಗಂಟಲು. ಕಾಗೆ ಆ ಕಡೆ ತಿರುಗಿ ಕೂತಿತು.

ಸುಧಾಕರನಿಗೆ ತಡೆಯಲಾಗಲಿಲ್ಲ. ಹೋದ ವರ್ಷ ಟ್ರ್ಯಾಕ್ಟರ್ ಹೊಡೆಸುವಾಗ ಅವನು ಬದುವನ್ನು ಶ್ರೀರಾಮಪ್ಪನ ಕಡೆಗೆ ಒಂದಿಷ್ಟು ಒತ್ತಿದ್ದ. "ಬದು ಒಂದಡಿ ಬಿಟ್ಟುಕೊಡ್ತೀನಣ್ಣ" ಎಂದ. ಕಾಗೆ ಕತ್ತು ಮುಂದೆ ಚಾಚಿತು. ಸುಧಾಕರ ಗಾಬರಿಯಾಗಿ, "ಅರ್ಧ ಅಡಿ" ಎಂದ. ಕಾಗೆ ಎದ್ದು ಬೇತಮಂಗಲದ ದಿಕ್ಕಿಗೆ ಹಾರಿಹೋಯಿತು.

ಆವತ್ತಿನಿಂದ ಗಂಗರತ್ನಮ್ಮ ಊಟ ಬಿಟ್ಟಳು. ಹಠವಲ್ಲ, ಅಳುವೂ ಅಲ್ಲ. ಮದುವೆಯಾದ ಮೂವತ್ತನಾಲ್ಕು ವರ್ಷ ಗಂಡ ಉಂಡ ಮೇಲೆ ಉಂಡವಳು ಆಕೆ. "ಅವರಿನ್ನೂ ಉಂಡಿಲ್ಲವಲ್ಲಪ್ಪ" ಎನ್ನುತ್ತಿದ್ದಳು, ಅಷ್ಟೇ. ಹೊತ್ತಿಗೆ ಒಂದು ಲೋಟ ಮಜ್ಜಿಗೆ. ಹನ್ನೊಂದನೆಯ ದಿನ ಮತ್ತೆ ಎಡೆ ಇಡಬೇಕು; ಆವತ್ತೂ ಕಾಗೆ ಮುಟ್ಟದಿದ್ದರೆ ಈಕೆ ಏನಾಗುತ್ತಾಳೋ ಎಂದು ಸರಸ್ವತಮ್ಮನೂ ಹೆದರಿದಳು.

ಐದನೆಯ ದಿನ ಗಂಗರತ್ನಮ್ಮ ಗಂಡನ ಯೂನಿಫಾರಂ ಅಂಗಿಯಿಂದ ಕಾರ್ಡು ತೆಗೆದು ಮೈದುನನ ಕೈಗಿಟ್ಟಳು.

"ಈಚೀಚೆಗೆ ದಿನಾ ಸಂಜೆ ಬಂದು ಇದನ್ನೇ ಕೈಯಾಗಿಟ್ಕಂಡು ನೋಡ್ತಾ ಕುಂತಿರೋರು. ಏನು ಅಂದ್ರೆ ಏನಿಲ್ಲ ಅನ್ನೋರು. ಇದರಾಗೇನಾದ್ರೂ ಐತಾ ನೋಡಪ್ಪ. ನಿಂಗೆ ಇದೆಲ್ಲ ಗೊತ್ತಲ್ಲ."

ಗೊತ್ತಿಲ್ಲ ಎನ್ನುವ ಅಭ್ಯಾಸ ಆಂಜನಪ್ಪನಿಗಿರಲಿಲ್ಲ. ಬಸ್ಸು ಹತ್ತಿ ಕೆಜಿಎಫ್‌ಗೆ ಹೋದ. ಆಂಡರ್ಸನ್‌ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಬಾಲಾಜಿ ಇಂಥ ಕಾರ್ಡುಗಳನ್ನು ಫೋನಿನ ಬೆನ್ನಿಗೆ ತಾಗಿಸಿ ಒಳಗೇನಿದೆ ಎಂದು ಹೇಳುತ್ತಾನೆಂದು ಕೇಳಿದ್ದ. ಬಾಲಾಜಿ ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ, ಬೈಯುವಾಗ ತೆಲುಗು. ಕಾರ್ಡು ತಾಗಿಸಿ, ಹುಬ್ಬು ಗಂಟಿಕ್ಕಿ, ಪರದೆ ನೋಡಿದ.

"ಅಣ್ಣಾ, ಉಳ್ಳೆ ಪೋಯಿಟ್ಟಾರು, ವೆಳಿಯೆ ವರಲೆ" ಎಂದ. ಆಮೇಲೆ ಗಿರಾಕಿಯ ಮುಖ ನೋಡಿ ಕನ್ನಡಕ್ಕೆ ಬಂದ. "ಕಾಸಿದೆ. ಆದ್ರೆ ಆಳು ಒಳಗೆ ಹೋಗಿದಾರೆ, ಹೊರಗೆ ಬಂದಿಲ್ಲ. ಎಂಟ್ರಿ ಆಗಿದೆ, ಎಗ್ಸಿಟ್ ಆಗಿಲ್ಲ."

"ಯಾರು?"

"ಕಾರ್ಡು ಯಾರ್ದೋ ಅವ್ರು. ಇನ್ನೂ ಮೆಟ್ರೋ ಒಳಗೇ ಇದಾರೆ ಅಂತ ತೋರಿಸ್ತದೆ."

"ಅವ್ರು ತೀರ್ಕಂಡು ಐದು ದಿನ ಆಯ್ತಪ್ಪ."

ಬಾಲಾಜಿ ಕಾರ್ಡನ್ನು ಮೇಜಿನ ಮೇಲಿಟ್ಟ. ಫೋನನ್ನು ಅಂಗಿಗೆ ಎರಡು ಸಲ ಒರೆಸಿ, ಗೋಡೆಯ ಮುರುಗನ ಪಟದ ಮುಂದೆ ಇಟ್ಟ. "ನಂಗೆ ಏನೂ ಕೊಡ್ಬೇಡಿ ಅಣ್ಣಾ" ಎಂದ. "ಅವ್ರು ದಿನಾ ಹತ್ತೋ ಸ್ಟೇಷನ್ನಿಗೇ ಹೋಗಿ, ಕೌಂಟರಲ್ಲಿ ಕೇಳಿ. ಅವ್ರು ಹೊರಗೆ ಮಾಡ್ತಾರೆ."

ಸಂಜೆ ಡೈರಿಗೆ ಹಾಲು ಬರುವುದಕ್ಕೆ ಮುಂಚೆ ಸುದ್ದಿ ಬಂತು. ಬಚ್ಚಪ್ಪ ಕಟ್ಟೆಯ ಮೇಲೆ ಕೂತು, ಎಲೆಯಡಿಕೆ ಉಗಿದು, ಇಡೀ ವಿಷಯವನ್ನು ಒಂದೇ ಮಾತಿನಲ್ಲಿ ಬಿಡಿಸಿದ.

"ಆಸೆ ಉಳ್ಕಂಡಿಲ್ಲ ಕಣ್ರಪ್ಪ, ಆಳೇ ಉಳ್ಕಂಡವ್ನೆ. ಉಸಿರು ಓದಾಗ ಒಳಗಿದ್ದ. ಮೈಯನ್ನ ಪಕ್ಕದ ಬಾಗಿಲಾಗೆ ಎತ್ಕಂಡು ಬಂದವ್ರೆ. ಕಾರ್ಡು ಮುಟ್ಟಿಸೋರು ಯಾರು? ಇಲ್ಲಿ ಎಡೆ ಇಟ್ರೆ ಅವನು ಎಂಗೆ ಬತ್ತಾನೆ?"

ಕಾಗೆಯ ವರ್ತನೆಯೂ ಕಾರ್ಡಿನ ವರ್ತನೆಯೂ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವಾಗ ನಂಬದಿರುವುದೇ ಕಷ್ಟ. ಆಂಜನಪ್ಪ ನಂಬಿದ. ಅಣ್ಣ ಕಂಬದ ಆ ಕಡೆ ನಿಂತಿರುವುದು, ಬಾಗಿಲು ತೆರೆಯದೆ ಜನರನ್ನೆಲ್ಲ ನೋಡುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಸರಸ್ವತಮ್ಮ ಮಾತ್ರ ಅನ್ನ ಬಡಿಸುತ್ತ ಒಂದು ಮಾತು ಅಂದಳು: "ಒರಗೆ ಬರಕ್ಕೆ ಮುಖ ಸಾಕು ಅಂತಿದ್ದೆಯಲ್ಲ. ನಿಮ್ಮಣ್ಣನಿಗೆ ಮುಖ ಇರಲಿಲ್ವಾ?"

ಗಂಗರತ್ನಮ್ಮ "ಒಳಗೆ ಊಟಕ್ಕೇನು ಮಾಡ್ತಾರೋ" ಎಂದು ಮಾತ್ರ ಅಂದುಕೊಂಡಳು. ಹತ್ತನೆಯ ದಿನ ಬೆಳಿಗ್ಗೆ ಮೊಸರನ್ನದ ಬುತ್ತಿ ಕಟ್ಟಿ ಆಂಜನಪ್ಪನ ಕೈಗೆ ಕೊಟ್ಟಳು. "ಕರ್ಕಂಡು ಬಾಪ್ಪ. ಅವರಿಗೆ ನಿನ್ನ ಮಾತಂದ್ರೆ ನಂಬಿಕೆ."

ಜೊತೆಗೆ ಬಚ್ಚಪ್ಪ ಹೊರಟ. ಆತ್ಮ ಕರೆತರುವುದೆಂದರೆ ಸಾಮಾನ್ಯವಲ್ಲ. ಶ್ರೀರಾಮಪ್ಪನ ಹಳೆಯ ಟವೆಲ್ಲಿನ ತುದಿಗೆ ಸಮಾಧಿಯ ಒಂದು ಚಿಟಿಕೆ ಮಣ್ಣು ಕಟ್ಟಿಕೊಂಡಿದ್ದ, ನಿಂಬೆಹಣ್ಣು ಬೇರೆ. ಬಂಗಾರಪೇಟೆ ಸ್ಟೇಷನ್ನಿನ ಟಿಕೆಟ್ ಕಿಟಕಿಗೆ ಮುಖ ಒಡ್ಡಿ, "ಬೆಂಗ್ಳೂರಿಗೆ ಓಗಕ್ಕೆ ಎರಡು, ಬರಕ್ಕೆ ಮೂರು" ಎಂದ.

"ಬರೋದು ಅಲ್ಲೇ ತಗೊಳ್ಳಿ" ಎಂದ ಗುಮಾಸ್ತ. ಆಮೇಲೆ ಕುತೂಹಲ ತಡೆಯದೆ ಕೇಳಿದ. "ಮೂರನೆಯವರು?"

"ಒಳಗವ್ರೆ ಸಾರ್. ಕರ್ಕಂಡು ಬರಕ್ಕೇ ಓಗ್ತಾ ಇದೀವಿ."

ಗುಮಾಸ್ತನ ಮುಖ ಮೆತ್ತಗಾಯಿತು. "ಎಷ್ಟು ವರ್ಷ ಆಗಿತ್ತು?"

"ಹತ್ತು ದಿನ."

"ಅಷ್ಟು ಬೇಗ ಬಿಟ್ರಲ್ಲ, ಪುಣ್ಯ ಮಾಡಿದ್ರು" ಎಂದು ಗುಮಾಸ್ತ ಎರಡು ಟಿಕೆಟ್ಟು ಹೊರಗೆ ತಳ್ಳಿದ.

ಮೆಟ್ರೋ ಸ್ಟೇಷನ್ನಿನಲ್ಲಿ ಚಲಿಸುವ ಮೆಟ್ಟಿಲು ಕಂಡು ಬಚ್ಚಪ್ಪ ನಿಂತುಬಿಟ್ಟ. ಕಾಲು ಇಟ್ಟ ಕಡೆ ನಿಲ್ಲದ ನೆಲದ ಮೇಲೆ ತಾನು ಹೋಗುವುದಿಲ್ಲ, ಆತ್ಮ ಬೇಕಾದರೆ ಇಳಿದು ಬರಲಿ ಎಂದ. ಬುತ್ತಿ ಮತ್ತು ನಿಂಬೆಹಣ್ಣು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲಿನ ಬುಡದಲ್ಲೇ ಕೂತ. ಆಂಜನಪ್ಪ ಒಬ್ಬನೇ ಮೇಲೆ ಹೋದ.

ಕೌಂಟರಿನಲ್ಲಿ ಶ್ಯಾಮಲಾ ಎಂದು ಎದೆಯ ಮೇಲೆ ಹೆಸರು ಸಿಕ್ಕಿಸಿಕೊಂಡ ಹುಡುಗಿ ಇದ್ದಳು. ಆಂಜನಪ್ಪ ಕಾರ್ಡನ್ನು ಕಿಟಕಿಯೊಳಗೆ ಜಾರಿಸಿ, ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದ ಮಾತು ಹೇಳಿದ. "ಅಮ್ಮ, ನಮ್ಮಣ್ಣ ಒಳಗೆ ಸಿಕ್ಕಾಕಂಡವ್ರೆ. ದಯವಿಟ್ಟು ಒರಗೆ ಬಿಟ್ಬಿಡಿ. ಅವ್ರು ತೀರ್ಕಂಡವ್ರೆ."

ಹುಡುಗಿ ಅವನನ್ನೂ ಕಾರ್ಡನ್ನೂ ನೋಡಿದಳು. ಕಾರ್ಡನ್ನು ಯಂತ್ರದ ಮೇಲಿಟ್ಟಳು.

"ಯಾವಾಗ ತೀರ್ಕೊಂಡ್ರು?"

"ಇವತ್ತಿಗೆ ಹತ್ತು ದಿನ."

"ಇದರಲ್ಲಿ ಎಂಟ್ರಿ ಆಗಿರೋದು ಆವತ್ತಲ್ಲ. ಜನವರಿ ಮೊದಲನೇ ಭಾನುವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಆಮೇಲೆ ಈ ಕಾರ್ಡು ಎಲ್ಲೂ ಮುಟ್ಟಿಲ್ಲ."

ಹನ್ನೊಂದೂ ಇಪ್ಪತ್ತಕ್ಕೆ ಅವರೆಕಾಯಿ ಮೂಟೆ ಹೊತ್ತು ಕಂಬದ ಮುಂದೆ ನಿಂತಿದ್ದವನು ಯಾರೆಂದು ಆಂಜನಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊರಗೆ ಬಂದ ದೊಡ್ಡ ಗೇಟೂ ನೆನಪಾಯಿತು, ಇಷ್ಟು ದಿನ ಮಾಯವಾಗಿದ್ದ ಗಾಲಿಕುರ್ಚಿಯೂ ನೆನಪಾಯಿತು.

"ಒಂದು ನಿಮಿಷ" ಎಂದಳು ಹುಡುಗಿ. "ವಾಚ್‌ಮನ್ ತಾತ ಅಲ್ವಾ? ಖಾಕಿ ಅಂಗಿ, ಟಿಫಿನ್ ಚೀಲ? ನನ್ನ ನೋಡಿದಾಗೆಲ್ಲ ಊಟ ಆಯ್ತಾ ಅಂತ ಕೇಳೋರು."

ಆಂಜನಪ್ಪ ತಲೆಯಾಡಿಸಿದ.

"ಮಾರನೇ ದಿನ ಬಂದಿದ್ರು. ಗೇಟು ತೆಗೀಲಿಲ್ಲ. ಯಾರೋ ಈ ಕಾರ್ಡಲ್ಲಿ ಒಳಗೆ ಹೋಗಿ ಹೊರಗೆ ಬಂದಿಲ್ಲ ಅಂದೆ. ಗಾಬರಿಯಾಗಿ, ನಮ್ಮ ತಮ್ಮ ಬಂದವ್ನಲ್ಲವ್ವ, ಸಾಯಂಕಾಲವೇ ಮನೇಗೆ ಬಂದು ಉಂಡ ಅಂದ್ರು. ನಂಗೆ ನಗು ಬಂತು. ಒಂದು ಕಾರ್ಡಲ್ಲಿ ಒಬ್ರೇ ಹೋಗ್ಬೇಕು, ಬರುವಾಗ್ಲೂ ಮುಟ್ಟಿಸ್ಬೇಕು ಅಂತ ಹೇಳ್ದೆ. ಸ್ವಲ್ಪ ದಂಡ, ಒಂದು ಮಸಾಲೆ ದೋಸೆ ದುಡ್ಡು. ಕಟ್ಟಿದ್ರೆ ಈಗ್ಲೇ ಸರಿ ಮಾಡಿಕೊಡ್ತೀನಿ ಅಂದೆ."

"ಕಟ್ಲಿಲ್ವಾ?"

"ದುಡ್ಡು ಕೈಗೆ ತಗೊಂಡಿದ್ರು. ಆಮೇಲೆ ಮತ್ತೆ ಜೇಬಿಗಿಟ್ಕೊಂಡು, ತಡೀವ್ವ, ನಮ್ಮ ತಮ್ಮನ್ನ ಒಂದು ಮಾತು ಕೇಳ್ಕಂಡು ಬತ್ತೀನಿ, ಅವನಿಗೆ ಇದೆಲ್ಲ ಗೊತ್ತು ಅಂದ್ರು. ಅವನನ್ನ ಕೇಳ್ದೆ ದಂಡ ಕಟ್ಟಿದ್ರೆ ಅವನು ತಪ್ಪು ಮಾಡಿದಂಗೆ ಆಗ್ತದೆ ಅಂದ್ರು. ಅಲ್ಲೀವರೆಗೆ ಟೋಕನ್ ತಗೊಳ್ಳಿ ಅಂದ್ರೆ, ಕಾರ್ಡಾಗೆ ದುಡ್ಡಿಟ್ಕಂಡು ಟೋಕನ್ ಯಾಕವ್ವ ಅಂದ್ರು. ಮತ್ತೆ ಮೇಲಕ್ಕೆ ಬರ್ಲೇ ಇಲ್ಲ. ದಿನಾ ಕೆಳಗಡೆ ಫುಟ್‌ಪಾತಲ್ಲಿ ನಡೆದು ಹೋಗೋರು, ಇಲ್ಲಿಂದ ಕಾಣ್ತದೆ. ಒಂದೊಂದ್ಸಲ ಕೈ ಎತ್ತೋರು." ಹುಡುಗಿ ಕಾರ್ಡಿನಿಂದ ಕಣ್ಣೆತ್ತಿ ಕೇಳಿದಳು. "ಆ ತಮ್ಮ ನೀವೇನಾ?"

ಆಂಜನಪ್ಪನ ಜೀವಮಾನದಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಾರದ ಪ್ರಶ್ನೆ ಇದೊಂದೇ. ಡೈರಿಯ ಮುಂದಿನ ಗುಂಪು, ಅದರ ಅಂಚಿನಲ್ಲಿ ಟಿಫಿನ್ ಚೀಲ, ಜೇಬಿಗೆ ಹೋಗಿ ಹಿಂದಕ್ಕೆ ಬಂದ ಕೈ. ಅಣ್ಣ ಕೇಳುವುದಕ್ಕೇ ಬಂದಿದ್ದ. ಅಷ್ಟು ಜನರ ಮುಂದೆ ಕೇಳಿದರೆ ತಮ್ಮನ ಮಾನ ಹೋಗುತ್ತದೆಂದು, ಊಟ ಆಯ್ತಾ ಎಂದು ಕೇಳಿ ಹೋಗಿದ್ದ. ತಾನು ನಕ್ಕಿದ್ದ.

ಹುಡುಗಿ ದಂಡವನ್ನು ಕಾರ್ಡಿನಿಂದಲೇ ಮುರಿದುಕೊಂಡು ಎರಡು ಗುಂಡಿ ಒತ್ತಿದಳು. ಯಂತ್ರ ಕುಂಯ್ ಅಂದಿತು. "ಆಯ್ತು ಸಾರ್. ಈಗ ಒಳಗೆ ಯಾರೂ ಇಲ್ಲ" ಎಂದು ಕಾರ್ಡು ವಾಪಸು ಕೊಟ್ಟಳು.

ಕೆಳಗೆ ಬಂದಾಗ ಬಚ್ಚಪ್ಪ ಎದ್ದ. "ಬಂದನೇನ್ಲಾ?"

ಆಂಜನಪ್ಪ ಬಾಯಿ ತೆರೆದ, ಮಾತು ಬರಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ಉಪನ್ಯಾಸಕ ಆಂಜನಪ್ಪ ಮಾತಿಲ್ಲದೆ ನಿಂತಿದ್ದನ್ನು ಬಚ್ಚಪ್ಪ ಹಿಂದೆಂದೂ ಕಂಡಿರಲಿಲ್ಲ. ಇದಕ್ಕೆ ಒಂದೇ ಅರ್ಥ. ಟವೆಲನ್ನು ಆಂಜನಪ್ಪನ ಹೆಗಲಿಗೆ ಹೊದಿಸಿ, ನಿಂಬೆಹಣ್ಣನ್ನು ನಿವಾಳಿಸಿ ಎಸೆದು, "ಬಾರಪ್ಪ ಶ್ರೀರಾಮಪ್ಪ, ಮನೇಗೆ ಓಗಾನ" ಎಂದು ಅವನ ಕೈ ಹಿಡಿದು ನಡೆಸಿಕೊಂಡು ಹೋದ.

ವಾಪಸು ರೈಲಿನಲ್ಲಿ ಮೂರು ಟಿಕೆಟ್ಟು. ಕಿಟಕಿಯ ಪಕ್ಕದ ಸೀಟನ್ನು ಬಚ್ಚಪ್ಪ ಯಾರಿಗೂ ಕೊಡಲಿಲ್ಲ. ಮಾಲೂರಿನಲ್ಲಿ ಹತ್ತಿದ ಟಿಕೆಟ್ ಪರೀಕ್ಷಕ ಎಣಿಸಿ ನೋಡಿದ, ಇನ್ನೊಂದು ಸಲ ಎಣಿಸಿ ನೋಡಿದ. ಟಿಕೆಟ್ಟಿಲ್ಲದ ಜನರನ್ನು ಅವನು ಇಪ್ಪತ್ತು ವರ್ಷದಿಂದ ಕಂಡಿದ್ದ. ಜನರಿಲ್ಲದ ಟಿಕೆಟ್ಟು ಇದೇ ಮೊದಲು. "ಇಲ್ಲಿ ಯಾರು?" ಎಂದು ಕೇಳಿದ. ಬಚ್ಚಪ್ಪ ವಿವರವಾಗಿ ಹೇಳಿದ. ಪರೀಕ್ಷಕ ಖಾಲಿ ಸೀಟಿಗೆ ತಾಗದಂತೆ ಪಕ್ಕಕ್ಕೆ ಸರಿದು ಮುಂದಿನ ಡಬ್ಬಿಗೆ ಹೋದ. ಟೇಕಲ್ ದಾಟಿದ ಮೇಲೆ ಬಚ್ಚಪ್ಪ ಬುತ್ತಿ ಬಿಚ್ಚಿ ಸೀಟಿನ ಮುಂದೆ ಹಿಡಿದ, ಗೌರವಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಕಾದ, ಆತ್ಮಕ್ಕೆ ವಾಸನೆ ಸಾಕು ಎಂದು ತಾನೇ ಉಂಡ.

ಹನ್ನೊಂದನೆಯ ದಿನ ಮತ್ತೆ ಹೊಂಗೆ ಮರ, ಮತ್ತೆ ಎಡೆ, ಮತ್ತೆ ಊರು. ಈ ಸಲ ಜನ ಜಾಸ್ತಿ, ಬೂದಿಕೋಟೆಯಿಂದಲೂ ಬಂದಿದ್ದರು. ಗಂಗರತ್ನಮ್ಮ ನಿಲ್ಲಲಾರದೆ ಮರಕ್ಕೆ ಒರಗಿ ಕೂತಿದ್ದಳು. ಆಕೆಯ ಕೈಯ ಬಳೆಯಿಲ್ಲದ ಮಣಿಕಟ್ಟು ಇಷ್ಟು ಸಣ್ಣದೆಂದು ಆಂಜನಪ್ಪ ಗಮನಿಸಿರಲಿಲ್ಲ.

"ಬಂದ್ರೇನಪ್ಪ?" ಎಂದು ಕೇಳಿದಳು.

ಹೇಳಿಬಿಡಬೇಕೆಂದು ನಿಶ್ಚಯ ಮಾಡಿಕೊಂಡೇ ಬಂದಿದ್ದ. ಊರು ಉಗಿದರೆ ಉಗಿಯಲಿ. "ಅತ್ತಿಗೆ" ಎಂದ. "ಒಳಗಿದ್ದೋನು ಅಣ್ಣಯ್ಯ ಅಲ್ಲ. ನಾನು. ಅವರೆಕಾಯಿ ಒತ್ಕಂಡು ಓದಾಗ ಕಾರ್ಡು ಮುಟ್ಟಿಸದೆ ಒರಗೆ ಬಂದೋನು ನಾನು. ಅದಕ್ಕೇ ಅಣ್ಣಯ್ಯನಿಗೆ ಬಾಗಿಲು ತೆಗೀಲಿಲ್ಲ. ಅದಕ್ಕೇ ಅಣ್ಣಯ್ಯ ದಿನಾ ನಡೆದ."

ಜೀವಮಾನದಲ್ಲಿ ಅವನು ಊರ ಮುಂದೆ ಆಡಿದ ಮೊದಲ ಪೂರ್ತಿ ನಿಜ. ಅದರಲ್ಲಿ "ಒಳಗಿದ್ದೋನು" ಮತ್ತು "ನಾನು" ಎಂಬೆರಡು ಮಾತು ಮಾತ್ರ ಜನರಿಗೆ ಕೇಳಿಸಿತು. ಉಳಿದದ್ದು ಬಚ್ಚಪ್ಪನ ಗಂಟಲಿನ ಕೆಳಗೆ ಮುಚ್ಚಿಹೋಯಿತು.

"ಸುಮ್ಕಿರ್ರಪ್ಪ ಎಲ್ಲ. ಶ್ರೀರಾಮಪ್ಪ ಮಾತಾಡ್ತಾವ್ನೆ. ನೆನ್ನೆಯಿಂದ ಇವನ ಮೈಮೇಲವ್ನೆ, ನಾನೇ ಕೈ ಇಡ್ಕಂಡು ಕರ್ಕಂಡು ಬಂದೀನಿ."

"ಇಲ್ಲ ಕಣ್ರಪ್ಪ, ನಾನು ಆಂಜನಪ್ಪ" ಎಂದ ಆಂಜನಪ್ಪ.

"ಮೊದಮೊದ್ಲು ಅಂಗೇ ಅಂತಾರೆ" ಎಂದ ಬಚ್ಚಪ್ಪ.

ಊರು ನೆಲಕ್ಕೆ ಬಾಗಿತು. ಸುಧಾಕರ ಎಲ್ಲರಿಗಿಂತ ಮುಂದೆ ಬಂದು ಕಾಲು ಹಿಡಿದು, "ಬದು ಪೂರ್ತಿ ಒಂದಡಿ ಬಿಡ್ತೀನಣ್ಣ, ಮೊದ್ಲಿದ್ದ ಕಡೇನೇ ಕಲ್ಲು ನೆಡ್ತೀನಿ" ಎಂದ. ಗಂಡನ ಮಾತಿಗೆ ಒಂದು ದಿನವೂ ಕಿವಿಗೊಡದ ಸರಸ್ವತಮ್ಮ ಸೆರಗು ಹೊದ್ದು ಕೈ ಮುಗಿದು ನಿಂತಳು. ಆಂಜನಪ್ಪ ಅಲ್ಲ ಅಲ್ಲ ಎಂದು ಅಳುತ್ತಿದ್ದ. ಅತ್ತಷ್ಟೂ ಜನರ ನಂಬಿಕೆ ಗಟ್ಟಿಯಾಯಿತು. ಇಷ್ಟು ದಿನ ಅವನು ಹೇಳಿದ ಸುಳ್ಳನ್ನೆಲ್ಲ ನಂಬಿದ ಊರು, ನಿಜ ಹೇಳಿದ ದಿನ ಅವನನ್ನೇ ಇಲ್ಲವಾಗಿಸಿತು.

ಎಲ್ಲರೂ ಅವನನ್ನೇ ನೋಡುತ್ತಿದ್ದಾಗ ಸಮಾಧಿಯ ಮೇಲಿನ ಎಡೆಯಿಂದ ಎರಡು ವಡೆ ಕಾಣೆಯಾಗಿದ್ದವು. ಕಾಗೆಯೋ, ಬಚ್ಚಪ್ಪನ ಹಿಂದೆ ಬಂದಿದ್ದ ಅವನ ನಾಯಿಯೋ, ಕಂಡವರಿಲ್ಲ. ಕಾಗೆ ಎಂದು ಬಚ್ಚಪ್ಪ ತೀರ್ಪು ಕೊಟ್ಟ.

ಆಂಜನಪ್ಪ ಅತ್ತಿಗೆಯ ಕಡೆ ತಿರುಗಿದ. ಆಕೆಯ ಒಣಗಿದ ತುಟಿ ನೋಡಿ, ಅವನಿಗೇ ತಿಳಿಯದೆ ಬಾಯಿಂದ ಬಂತು.

"ಊಟ ಆಯ್ತಾ?"

ಹೆಂಗಸರು ಗೊಳೋ ಎಂದರು. ಗಂಗರತ್ನಮ್ಮ ಅಳಲಿಲ್ಲ. ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ, "ಇಲ್ಲ, ಈಗ ಉಣ್ತೀನಿ" ಎಂದಳು. ಯಾರೋ ಎಲೆ ಹಾಕಿದರು, ಯಾರೋ ಅನ್ನ ಬಡಿಸಿದರು. ಆಕೆ ಮೊದಲ ತುತ್ತು ನುಂಗಿದಾಗ ಊರೆಲ್ಲ ಉಸಿರು ಬಿಟ್ಟು, ಶಾಸ್ತ್ರ ಮುಗಿಯಿತೆಂದು ಬೇಲಿಯ ಪಕ್ಕ ತಮ್ಮ ತಮ್ಮ ಎಲೆಗಳ ಕಡೆ ಹೊರಟಿತು. ಬಚ್ಚಪ್ಪ ತನ್ನ ಸಾಹಸವನ್ನು ಬೂದಿಕೋಟೆಯವರಿಗೆ ಹೇಳಲು ಶುರು ಮಾಡಿದ. ಚಲಿಸುವ ಮೆಟ್ಟಿಲನ್ನು ಅವನು ಆಗಲೇ ಹತ್ತಿಯಾಗಿತ್ತು.

ಮರದ ಕೆಳಗೆ ಇಬ್ಬರೇ ಉಳಿದರು. ಗಂಗರತ್ನಮ್ಮ ಪಕ್ಕದಲ್ಲಿದ್ದ ಇನ್ನೊಂದು ಎಲೆ ಎಳೆದು, ನೀರು ಚಿಮುಕಿಸಿ, ತನ್ನ ಮುಂದಿನ ಪಾತ್ರೆಯಿಂದ ಅನ್ನ ಹಾಕಿದಳು.

"ಕುತ್ಕೋ ಆಂಜನಪ್ಪ" ಎಂದಳು, ಅವನ ಹೆಸರು ಹಿಡಿದೇ, ಬೇರೆ ಯಾರಿಗೂ ಕೇಳದ ಹಾಗೆ. "ಎರಡು ಜೊತೆ ಚಪ್ಪಲಿ ಯಾಕೆ ಸವೀತು ಅಂತ ಈಗ ಗೊತ್ತಾಯ್ತು. ಅವರು ನಂಗೂ ಏಳ್ಲಿಲ್ಲ, ನಾನೂ ಯಾರಿಗೂ ಏಳಲ್ಲ. ಉಣ್ಣು."

ಆಂಜನಪ್ಪ ಕೂತ. ಹೆಗಲ ಮೇಲೆ ಅಣ್ಣನ ಟವೆಲ್ಲು ಇನ್ನೂ ಇತ್ತು. ಅನ್ನ ಕಲಸಿದ, ಕಲಸುತ್ತಲೇ ಇದ್ದ. ಮೊದಲ ತುತ್ತು ಎತ್ತುವುದಕ್ಕೆ ಅವನಿಗೆ ಬಹಳ ಹೊತ್ತು ಬೇಕಾಯಿತು. ಅಲ್ಲಿಯವರೆಗೂ ಗಂಗರತ್ನಮ್ಮ ಕೈ ತೊಳೆಯದೆ ಕಾದಳು.